ಮರೆತವರ ಸೇವೆ



ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಭಕ್ತರ ಮನೆಗಳಿಗೆ ಹೋದಾಗ ಈಚೆಗೆ ಒಂದು ಮಾತು ಮತ್ತೆ ಮತ್ತೆ ನಮ್ಮ ಕಿವಿಗೆ ಬೀಳುತ್ತದೆ. "ಸ್ವಾಮೀಜಿ, ನಮ್ಮ ಅವ್ವನಿಗೆ ಅರಳುಮರಳು. ಉಂಡು ಕೈ ತೊಳೆದವಳೇ ಊಟ ಹಾಕಲಿಲ್ಲವೆಂದು ನೆರೆಯವರಿಗೆ ಹೇಳುತ್ತಾಳೆ. ನಮ್ಮ ಮಾನ ಹೋಗುತ್ತದೆ."

ಅಂಥ ಒಂದು ಮನೆಯ ತಾಯಿ ಪ್ರತಿದಿನ ಸಂಜೆ ಜಗಲಿಗೆ ಬಂದು, "ಯಜಮಾನರು ತೋಟದಿಂದ ಬಂದರೇ?" ಎಂದು ಕೇಳುತ್ತಿದ್ದಳು. ಯಜಮಾನರು ಲಿಂಗೈಕ್ಯರಾಗಿ ಹತ್ತು ವರುಷ ಕಳೆದಿತ್ತು. ಮಗ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ. ಆಕೆಗೆ ಅದು ಪ್ರತಿದಿನವೂ ಹೊಸ ಸುದ್ದಿ. ಪ್ರತಿದಿನವೂ ಹೊಸ ಅಳು. ಸೊಸೆ ಮಾತ್ರ ಬಳಿ ಕುಳಿತು, "ಅತ್ತೆ, ಮಾವನವರು ತೋಟದಲ್ಲಿ ಏನೇನು ಮಾಡುತ್ತಿದ್ದರು?" ಎಂದು ಕೇಳುವಳು. ತಾಯಿ ಅಡಿಕೆ, ತೆಂಗು, ಮಳೆಗಾಲದ ಮಾತಾಡುತ್ತ ಗಂಜಿ ಕುಡಿದು ಮಲಗುವಳು. ಸೊಸೆ ಸುಳ್ಳು ಹೇಳಿದಳೇ? ಇಲ್ಲ. ಸತ್ಯವನ್ನು ದಯೆಯ ಕೈಯಿಂದ ಮುಟ್ಟಿದಳು. ದಯೆಯಿಲ್ಲದೆ ಆಡಿದ ಸತ್ಯವೂ ಬಡಿಗೆಯೇ ಆಗುತ್ತದೆ.

ಇದು ಗಾಳಿ ಸೋಂಕಲ್ಲ, ಪೂರ್ವಜನ್ಮದ ಪಾಪವಲ್ಲ. ಮೆದುಳಿನ ರೋಗ. ಜರ್ಮನಿಯ ಆಲೋಯಿಸ್ ಆಲ್‌ಝೈಮರ್ ಎಂಬ ವೈದ್ಯರು 1906ರಲ್ಲಿಯೇ ಇದರ ಒಂದು ಬಗೆಯನ್ನು ವಿವರಿಸಿದರು. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ನೂರಕ್ಕೆ ಏಳು ಮಂದಿಗಿಂತ ಹೆಚ್ಚು ಜನರಿಗೆ ಇದು ಇದೆ. ಸುಮಾರು 88 ಲಕ್ಷ ಜನ. ಹಾಗಿರುವಾಗ ನಾಚಿಕೆ ಏತಕ್ಕೆ?

ಮೊದಲು ವೈದ್ಯರಿಗೆ ತೋರಿಸಿರಿ. ಎಲ್ಲ ಮರೆವೂ ಈ ರೋಗವಲ್ಲ. ಥೈರಾಯ್ಡ್ ದೋಷ, ಮನಸ್ಸಿನ ಖಿನ್ನತೆ, ಬಿ12 ಜೀವಸತ್ವದ ಕೊರತೆಗಳಿಂದಲೂ ಮರೆವು ಬರುತ್ತದೆ, ಚಿಕಿತ್ಸೆಯಿಂದ ಇಳಿಯುತ್ತದೆ. ಬಿ12 ಕೊರತೆ ನಮ್ಮಂಥ ಸಸ್ಯಾಹಾರಿಗಳಲ್ಲಿ ಹೆಚ್ಚು. 14416 ಎಂಬ ಸಂಖ್ಯೆಗೆ ಫೋನ್ ಮಾಡಿದರೆ ಸರಕಾರದ ಟೆಲಿ ಮನಸ್ ಸೇವೆಯವರು ಮನಸ್ಸಿನ ತೊಂದರೆಗಳಿಗೆ ಉಚಿತವಾಗಿ ಸಲಹೆ ಕೊಡುತ್ತಾರೆ. ನಿಜವಾದ ಮರೆವಿನ ರೋಗವನ್ನು ಪೂರ್ತಿ ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಆದರೆ ಆ ರೋಗ ಬಂದವರೂ ಎಷ್ಟೋ ವರುಷ ನೆಮ್ಮದಿಯಿಂದ ಬಾಳಬಲ್ಲರು.

ಅದಕ್ಕೆ ಬೇಕಾದುದೇನು? ಕಾಯಕ ಬೇಕು. ಹೂ ಕಟ್ಟಲಿ, ಬತ್ತಿ ಹೊಸೆಯಲಿ, ಕಾಳು ಆರಿಸಲಿ. ಆರಿಸಿದ ಕಾಳಿನಲ್ಲಿ ಕಲ್ಲು ಉಳಿದರೆ ಆಕೆಯ ಕಣ್ಣಿಗೆ ಬೀಳದಂತೆ ನೀವು ತೆಗೆಯಿರಿ. ದಿನವೂ ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ತುಸು ನಡಿಗೆ ಇರಲಿ. ರಕ್ತದೊತ್ತಡ, ಸಕ್ಕರೆ ಹಿಡಿತದಲ್ಲಿರಲಿ. ಕಿವಿ ಮಂದವಾಗಿದ್ದರೆ ಯಂತ್ರ ಹಾಕಿಸಿರಿ. ಕೇಳದವರು ಮಾತಿನಿಂದ ದೂರವಾಗುತ್ತಾರೆ. ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪನ್ನು ಬಿಡಿಸಿರಿ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಭಯವಿದೆ. ಮನೆಯ ಹಿಂದೆ ಬಾವಿ, ಮುಂದೆ ಹೆದ್ದಾರಿ, ಆಚೆ ರೈಲು ಹಳಿ, ಮಳೆಗಾಲದಲ್ಲಿ ತುಂಬಿ ಹರಿಯುವ ಹೊಳೆ. ದಾರಿ ಮರೆತವರು ಹೊರಟರೆ ಗತಿಯೇನು? ಬಾವಿಗೆ ಜಾಲರಿ ಹಾಕಿಸಿರಿ. ಅವರ ಬಟ್ಟೆಯಲ್ಲಿ ಮನೆಯ ಫೋನ್ ನಂಬರಿನ ಚೀಟಿ ಇಡಿರಿ. ರಿಕ್ಷಾದವರಿಗೂ ಅಂಗಡಿಯವರಿಗೂ ಮೊದಲೇ ತಿಳಿಸಿರಿ. ಮುಚ್ಚಿಟ್ಟ ರೋಗಕ್ಕೆ ಊರು ನೆರವಾಗಲಾರದು.

ಒಂದು ಕಟುವಾದ ಮಾತು. ತಂದೆತಾಯಿಗೆ ನೆನಪಿಲ್ಲವೆಂದು ಆಸ್ತಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರಿದ್ದಾರೆ. ಅವರಿಗೆ ನೆನಪಿಲ್ಲದಿರಬಹುದು, ನಿಮ್ಮ ಅಂತರಂಗಕ್ಕೆ ಮರೆವು ಬಂದಿಲ್ಲವಷ್ಟೆ?

ಕೊನೆಯದಾಗಿ, ಆ ಸೊಸೆಯ ಮಾತು. ಹಗಲು ಅಡುಗೆ, ರಾತ್ರಿ ಜಾಗರಣೆ. ವರುಷವಾದರೂ ತವರಿಗೆ ಹೋಗಿರಲಿಲ್ಲ. ಬೆಂಗಳೂರು, ಮುಂಬಯಿಗಳಲ್ಲಿದ್ದ ಉಳಿದ ಮಕ್ಕಳು ಫೋನಿನಲ್ಲಿ ಬುದ್ಧಿವಾದ ಹೇಳುತ್ತಿದ್ದರು. ನಾವು ಅವರನ್ನು ಕರೆಸಿ, ವರುಷಕ್ಕೆ ಒಂದೊಂದು ತಿಂಗಳು ಊರಿಗೆ ಬಂದು ಸೇವೆ ಮಾಡಿರೆಂದೆವು. ಒಬ್ಬ ಮಗ ಬಂದ. ತಾಯಿ ಅವನ ಗುರುತು ಹಿಡಿಯಲಿಲ್ಲ; ಆದರೂ ಅವನ ತಟ್ಟೆಗೆ ತನ್ನ ಕೈಯಿಂದ ಅನ್ನ ಬಡಿಸಿದಳು. ಹೆಸರು ಹೋಗಿತ್ತು, ದಾಸೋಹ ಹೋಗಿರಲಿಲ್ಲ.

ಅವರು ನಮ್ಮನ್ನು ಮರೆತರೂ ನಾವು ಅವರನ್ನು ಮರೆಯದಿರೋಣ.