ಜೇಬಿನಲ್ಲಿರುವ ಟ್ರಂಕಿಗೊಂದು ಕೀಲಿ

ತಾವರಗೇರಾದಲ್ಲಿ ಕುಷ್ಟಗಿಯ ಬಸ್ಸು ಹತ್ತಿದ್ದೀರಿ. ಊರು ದಾಟಿದ ಮೇಲೆ ಜೇಬು ತಡವಿ ನೋಡುತ್ತೀರಿ. ಪೆನ್ ಡ್ರೈವ್ ಇಲ್ಲ! ಝರಾಕ್ಸ್ ಅಂಗಡಿಯಲ್ಲೇ ಉಳಿಯಿತೋ, ನೂಕುನುಗ್ಗಲಿನಲ್ಲಿ ಬಿದ್ದಿತೋ ತಿಳಿಯದು. ಹೋದದ್ದು ಕೆಲವು ನೂರು ರೂಪಾಯಿಯ ವಸ್ತು ತಾನೇ ಎಂದು ಸಮಾಧಾನ ತಂದುಕೊಳ್ಳಬಹುದೇ? ಹೊಲದ ಪಹಣಿ, ಮನೆಮಂದಿಯ ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು, ಮಗಳ ಅಂಕಪಟ್ಟಿ, ನಿಮ್ಮ ಸಹಿ, ಎಲ್ಲದರ ಪ್ರತಿಯೂ ಅದರೊಳಗೇ ಇದ್ದರೆ?

ನಮ್ಮ ಹಿರಿಯರು ಇಂಥ ಕಾಗದಪತ್ರಗಳನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿ, ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. ನಾವಾದರೋ ಆ ಟ್ರಂಕನ್ನೇ ಹೆಬ್ಬೆರಳಿನಷ್ಟು ಕಿರಿದು ಮಾಡಿ, ಕೀಲಿಯಿಲ್ಲದೆಯೇ ಊರೂರು ತಿರುಗಿಸುತ್ತಿದ್ದೇವೆ.

ಮರೆವು ನಮ್ಮೂರಿನವರಿಗಷ್ಟೇ ಮೀಸಲಲ್ಲ. ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದ ನೌಕರರೊಬ್ಬರು ಕಳೆದುಕೊಂಡ ಡ್ರೈವು 2017ರಲ್ಲಿ ದಾರಿಹೋಕರ ಕೈಗೆ ಸಿಕ್ಕಿತು. ಅವರು ಅದನ್ನು ಗ್ರಂಥಾಲಯದ ಕಂಪ್ಯೂಟರಿಗೆ ಸಿಕ್ಕಿಸಿದಾಗ ಒಳಗಿನದೆಲ್ಲ ತೆರೆದುಕೊಂಡಿತು. ಮರುವರ್ಷ ನಿಲ್ದಾಣದ ಸಂಸ್ಥೆಗೆ 1,20,000 ಪೌಂಡು ದಂಡ ಬಿದ್ದಿತು. 2022ರಲ್ಲಿ ಜಪಾನಿನ ಅಮಾಗಸಾಕಿ ನಗರದ ಸುಮಾರು 4,60,000 ನಿವಾಸಿಗಳ ವಿವರವಿದ್ದ ಡ್ರೈವು, ಗುತ್ತಿಗೆ ಕೆಲಸದವರೊಬ್ಬರ ಚೀಲದೊಡನೆ ಕಾಣೆಯಾಯಿತು. ಅದಕ್ಕೆ ಗುಪ್ತಲಿಪಿಯ ಕೀಲಿಯಿತ್ತು. ಕೆಲವು ದಿನಗಳಲ್ಲಿ ಚೀಲ ದೊರೆಯಿತು. ಮಾಹಿತಿ ಸೋರಿದ ಕುರುಹು ಕಾಣಲಿಲ್ಲ. ಇಬ್ಬರೂ ಕಳೆದುಕೊಂಡರು, ಕೀಲಿ ಹಾಕಿದವರ ಗುಟ್ಟು ಉಳಿಯಿತು.

ಈ ಕೀಲಿ ನಮಗೂ ಎಟಕುವಂಥದೇ. ವಿಂಡೋಸಿನ ಪ್ರೊ ಆವೃತ್ತಿಯಲ್ಲಿ 'ಬಿಟ್‌ಲಾಕರ್' ಇದೆ. ಅದಿಲ್ಲದವರಿಗೆ 'ವೆರಾಕ್ರಿಪ್ಟ್' ಎಂಬುದು ಉಚಿತವಾಗಿ ದೊರೆಯುತ್ತದೆ. ಇವು ಅಕ್ಷರಗಳನ್ನೆಲ್ಲ ಕಲಸಿ ಅರ್ಥವಾಗದಂತೆ ಮಾಡುತ್ತವೆ. ಪಾಸ್‌ವರ್ಡ್ ಕೊಟ್ಟವರಿಗೆ ಮಾತ್ರ ಬಿಡಿಸಿ ತೋರಿಸುತ್ತವೆ. ಹುಟ್ಟಿದ ದಿನವನ್ನೋ ಮಗುವಿನ ಹೆಸರನ್ನೋ ಪಾಸ್‌ವರ್ಡ್ ಮಾಡಬೇಡಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಮಾತುಗಳನ್ನು ಜೋಡಿಸಿ. ಅದನ್ನು ಮರೆತರೆ ನಿಮಗೂ ಬಾಗಿಲು ತೆರೆಯದು. ಡ್ರೈವು ಕೆಡುವುದೂ ಉಂಟು. ಆದುದರಿಂದ ಇನ್ನೊಂದು ಪ್ರತಿ ಮನೆಯಲ್ಲಿ ಭದ್ರವಾಗಿರಲಿ.

ಇನ್ನು ಅಂಗಡಿಯ ಮಾತು. ಕೀಲಿ ಹಾಕಿದ ಡ್ರೈವನ್ನು ಅಲ್ಲಿಗೆ ಒಯ್ದು, ಪರರ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಒತ್ತುವುದು ತರವಲ್ಲ. ಮುದ್ರಿಸಬೇಕಾದ ಒಂದು ಕಾಗದವನ್ನಷ್ಟೇ ಬೇರೊಂದು ಹೊಸ ಡ್ರೈವಿನಲ್ಲಿ ಒಯ್ಯಿರಿ. ಹಳೆಯದನ್ನು 'ಅಳಿಸಿ' ಒಯ್ದರೆ ಸಾಲದೇ ಎನ್ನುವಿರಾ? ಸಾಮಾನ್ಯವಾಗಿ ಅಳಿಸಿದಾಗ ಹೋಗುವುದು ಪುಸ್ತಕದ ಪರಿವಿಡಿಯಲ್ಲಿನ ಹೆಸರು. ಪುಟಗಳು ಒಳಗೇ ಇರುತ್ತವೆ, ಬಲ್ಲವರು ತೆಗೆಯಬಲ್ಲರು. ಆಧಾರ್ ಕೊಡಬೇಕಾದಲ್ಲಿ, ಒಪ್ಪುವುದಾದರೆ, ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿಯನ್ನೇ ಕೊಡಿ. ಆಧಾರ್ ಪ್ರಾಧಿಕಾರವೇ ಅದನ್ನು ಒದಗಿಸುತ್ತದೆ. ದಾರಿಯಲ್ಲಿ ಸಿಕ್ಕ ಡ್ರೈವನ್ನು ಕುತೂಹಲಕ್ಕೂ ನಿಮ್ಮ ಕಂಪ್ಯೂಟರಿಗೆ ಹಾಕಬೇಡಿ. 2010ರಲ್ಲಿ ಬೆಳಕಿಗೆ ಬಂದ 'ಸ್ಟಕ್ಸ್‌ನೆಟ್' ಎಂಬ ವೈರಸ್ಸು ಹಬ್ಬಿದ್ದು ಇಂಥ ಡ್ರೈವುಗಳ ಮೂಲಕವೇ.

ಇಂದು ಸಂಜೆ ಮನೆಯಲ್ಲಿರುವ ಡ್ರೈವುಗಳನ್ನೆಲ್ಲ ಒಂದೆಡೆ ತಂದು ಎಣಿಸಿ. ಯಾವುದರಲ್ಲಿ ಏನಿದೆ ಎಂದು ಮಕ್ಕಳನ್ನು ಕೂರಿಸಿಕೊಂಡು ನೋಡಿ. ಪಹಣಿ, ಪಾಸ್‌ಬುಕ್ಕು ಇರುವುದಕ್ಕೆ ಮೊದಲು ಕೀಲಿ ಬೀಳಲಿ. ಬಸ್ಸು ಹತ್ತುವುದು ಆಮೇಲೆ.