ಅಜ್ಜಿಯ ಟಿವಿಗೆ ಮಳೆ ಮೊದಲೇ ಗೊತ್ತು

ಅನುಗೊಂಡನಹಳ್ಳಿಯಲ್ಲಿ ಚಿತ್ತಾ ಮಳೆಯ ಕಾಲ. ಸಂಜೆ ಅಜ್ಜಿ ಚಂದನ ವಾಹಿನಿ ಹಾಕಿಕೊಂಡು ಕೂತಿದ್ದರು. ಇದ್ದಕ್ಕಿದ್ದಂತೆ ಹಾಡುವವರ ಮುಖ ಚೌಕ ಚೌಕವಾಗಿ ಒಡೆಯಿತು. ಕಣ್ಣೊಂದು ಕಡೆ, ಬಾಯಿ ಇನ್ನೊಂದು ಕಡೆ. ದನಿಯೂ ತುಂಡು ತುಂಡಾಯಿತು. "ಮಳೆ ಬರ್ತದೆ, ಮಹಡಿ ಮೇಲಿನ ಬಟ್ಟೆ ಎತ್ಕೊಂಡು ಬಾ ಮಗ" ಎಂದರು ಅಜ್ಜಿ. ಹೊರಗೆ ಒಂದು ಹನಿಯೂ ಬಿದ್ದಿರಲಿಲ್ಲ. ಬಟ್ಟೆ ತಂದು ಮಡಿಸುವಷ್ಟರಲ್ಲಿ ಮಳೆ ಸುರಿಯತೊಡಗಿತು.

ಅಜ್ಜಿಗೆ ಹೇಗೆ ಗೊತ್ತಾಯಿತು, ಮಕ್ಕಳೇ? ಮಹಡಿಯ ಮೇಲಿರುವ ಡಿಶ್‌ನಿಂದ ಶುರು ಮಾಡೋಣ.

ದೂರದರ್ಶನದ ಫ್ರೀ ಡಿಶ್ ಆದರೆ ಅದು ಮುಖಮಾಡಿರುವುದು ಜಿಸ್ಯಾಟ್-15 ಉಪಗ್ರಹದ ಕಡೆಗೆ. ಇಸ್ರೋದವರು ಬೆಂಗಳೂರಿನಲ್ಲಿ ಕಟ್ಟಿದ ಈ ಉಪಗ್ರಹ 2015ರ ನವೆಂಬರಿನಲ್ಲಿ ಮೇಲೇರಿತು. ಅದನ್ನು ನೋಡಿಕೊಳ್ಳುವ ನಿಯಂತ್ರಣ ಕೇಂದ್ರ ನಮ್ಮ ಹಾಸನದಲ್ಲೇ ಇದೆ. ಉಪಗ್ರಹ ಇರುವುದು ಸಮಭಾಜಕ ವೃತ್ತದ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಅನುಗೊಂಡನಹಳ್ಳಿಯಿಂದ ನೋಡಿದರೆ ಆಗ್ನೇಯ ದಿಕ್ಕಿಗೆ ಬರುತ್ತದೆ.

ಅಲ್ಲಿಂದ ಬರುವ ಅಲೆಗಳು ತೀರಾ ಗಿಡ್ಡ, ಒಂದೊಂದೂ ಸುಮಾರು ಎರಡೂವರೆ ಸೆಂಟಿಮೀಟರ್. ಇಷ್ಟು ಗಿಡ್ಡ ಅಲೆಯನ್ನು ದಪ್ಪ ಮಳೆಹನಿಗಳು ಹೀರಿಕೊಳ್ಳುತ್ತವೆ, ಅತ್ತಿತ್ತ ಚೆದರಿಸುತ್ತವೆ. ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಸ್ ಅಲೆಯೋ ಸುಮಾರು 490 ಮೀಟರ್ ಉದ್ದ. ಅದಕ್ಕೆ ಮಳೆಹನಿ ಲೆಕ್ಕಕ್ಕೇ ಇಲ್ಲ. ಇನ್ನೊಂದು ವಿಷಯ: ಉಪಗ್ರಹದ ಅಲೆ ನೆತ್ತಿಯಿಂದ ನೇರ ಇಳಿಯುವುದಿಲ್ಲ, ಆಗ್ನೇಯದಿಂದ ಓರೆಯಾಗಿ ಬರುತ್ತದೆ. ಆ ಕಡೆ ಒಂದೆರಡು ಕಿಲೋಮೀಟರ್ ದೂರದಲ್ಲಿ ಜೋರು ಮಳೆ ಹಿಡಿದರೂ ಸಾಕು, ನಮ್ಮ ಮಹಡಿ ಒಣಗಿರುವಾಗಲೇ ಚಿತ್ರ ಒಡೆಯುತ್ತದೆ.

ಸರಿ, ಒಡೆದರೆ ಚೌಕವಾಗಿಯೇ ಏಕೆ ಒಡೆಯಬೇಕು? ಆಂಟೆನಾ ಕಾಲದ ಟಿವಿಯಲ್ಲಿ ಅಕ್ಕಿ ಚೆಲ್ಲಿದಂತೆ ಬಿಳಿ ಚುಕ್ಕೆಗಳು ಬರುತ್ತಿದ್ದವು, ಚಿತ್ರ ಮಸುಕಾದರೂ ಕಾಣುತ್ತಿತ್ತು. ಈಗ ಬರುವುದು ಬರೀ ಅಂಕಿಗಳು. ಸೆಕೆಂಡಿಗೆ 25 ಚಿತ್ರ ಬೇಕು, ಎಲ್ಲವನ್ನೂ ಪೂರ್ತಿಯಾಗಿ ಕಳಿಸಲು ದಾರಿ ಸಾಲದು. ಅದಕ್ಕೇ ಚಿತ್ರವನ್ನು 16 ಚುಕ್ಕೆ ಅಗಲ, 16 ಚುಕ್ಕೆ ಎತ್ತರದ ಚೌಕಗಳಾಗಿ ಹಂಚುತ್ತಾರೆ. ಇಡೀ ಚಿತ್ರ ಹೋಗುವುದು ಆಗೊಮ್ಮೆ ಈಗೊಮ್ಮೆ ಮಾತ್ರ. ನಡುವೆ ಹೋಗುವುದು ಸುದ್ದಿ: ಈ ಚೌಕ ತುಸು ಎಡಕ್ಕೆ ಸರಿಯಿತು, ಆ ಚೌಕ ಇದ್ದಲ್ಲೇ ಇದೆ. ಸುದ್ದಿ ತಲುಪದ ಚೌಕ ಹಳೆಯ ಜಾಗದಲ್ಲೇ ಅಂಟಿಕೊಂಡಿರುತ್ತದೆ. ಹಾಡುವವರು ತಲೆ ತಿರುಗಿಸಿದರೂ ಕಿವಿ ಹಿಂದೆಯೇ ಉಳಿಯುವುದು ಇದರಿಂದ. ಮುಂದಿನ ಇಡೀ ಚಿತ್ರ ಬಂದ ಕೂಡಲೇ ಚದುರಿದ್ದೆಲ್ಲ ಒಮ್ಮೆಗೇ ಕೂಡಿಕೊಳ್ಳುತ್ತದೆ. ಆ ಗಳಿಗೆಯನ್ನು ನೋಡುವುದೆಂದರೆ ನನಗೆ ಬಲು ಇಷ್ಟ.

ಹಾಗಂತ ಎಲ್ಲ ತಂಟೆಗೂ ಮಳೆಯೇ ಕಾರಣವಲ್ಲ. ಟಿವಿಯ ತಲೆಗೆ ಬಡಿಯುವ ಮೊದಲು ಒಂದು ಪರೀಕ್ಷೆ ಮಾಡಿ. ರಿಮೋಟ್ ಒತ್ತಿ ಟಿವಿಯದೇ ಮೆನು ತೆರೆಯಿರಿ. ಅದು ಆಕಾಶದಿಂದ ಬಂದದ್ದಲ್ಲ, ಟಿವಿಯೇ ಬರೆದದ್ದು. ಮೆನು ಚೊಕ್ಕವಾಗಿದ್ದರೆ ಪರದೆ ಸರಿಯಿದೆ, ತೊಂದರೆ ಡಿಶ್, ಕೇಬಲ್ ಇಲ್ಲವೇ ಸೆಟ್-ಟಾಪ್ ಬಾಕ್ಸ್‌ನಲ್ಲಿದೆ. ಮೆನುವಿನ ಮೇಲೂ ಮೇಲಿಂದ ಕೆಳಗೆ ಗೆರೆ ಎಳೆದಿದ್ದರೆ ತೊಂದರೆ ಟಿವಿಯೊಳಗೇ. ಫುಲ್ ಎಚ್‌ಡಿ ಪರದೆಯಲ್ಲಿ ಚುಕ್ಕೆಗಳು 1,920 ಕಂಬಸಾಲುಗಳಲ್ಲಿ ನಿಂತಿವೆ. ಒಂದು ಸಾಲಿಗೆ ಹೋಗುವ ಕೂದಲಿನಂಥ ತಂತಿಯ ಬೆಸುಗೆ ಗಾಜಿನ ಅಂಚಿನಲ್ಲಿ ಬಿಟ್ಟುಕೊಂಡರೂ ಗೆರೆ ಮೂಡುತ್ತದೆ. ಬಡಿದರೆ ಬಿಟ್ಟುಕೊಳ್ಳುವುದು ಇನ್ನೂ ಹೆಚ್ಚುತ್ತದೆ.

ಅಪ್ಪನ ಫೋನಿನಲ್ಲಿ ಗೆರೆ ಬಂದಿದೆಯೇ? ಸ್ಕ್ರೀನ್‌ಶಾಟ್ ತೆಗೆದು ಅಮ್ಮನ ಫೋನಿಗೆ ಕಳಿಸಿ. ಅಲ್ಲಿ ಗೆರೆ ಇಲ್ಲದಿದ್ದರೆ ಕೆಟ್ಟಿರುವುದು ಪರದೆಯ ಕಡೆ. ಅಲ್ಲೂ ಇದ್ದರೆ ಚಿತ್ರ ತಯಾರಾಗುವ ಕಡೆಯೇ ತಪ್ಪಾಗಿದೆ.

ಮೋಡವಿಲ್ಲದ ದಿನವೂ ಚಿತ್ರ ಕೆಡಬಹುದು. ಮಾರ್ಚ್ ನಡುವೆ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ, ಬೆಳಿಗ್ಗೆ 11 ಗಂಟೆಯ ಸುಮಾರಿಗೆ, ಸೂರ್ಯ ಸರಿಯಾಗಿ ಆ ಉಪಗ್ರಹದ ಬೆನ್ನ ಹಿಂದೆ ಹಾಯುತ್ತಾನೆ. ಆ ಕೆಲವು ನಿಮಿಷ ಸೂರ್ಯನ ರೇಡಿಯೋ ಗದ್ದಲವೂ ಡಿಶ್‌ನೊಳಗೆ ಬೀಳುತ್ತದೆ.

ಒಂದು ಮಾತು ಮಾತ್ರ ಕೇಳಿ. ಗುಡುಗು ಸಿಡಿಲಿನಲ್ಲಿ ಡಿಶ್ ತಿರುಗಿಸಲು ಮಹಡಿ ಹತ್ತಬೇಡಿ. ಟಿವಿಯ ಹಿಂಬದಿ ಬಿಚ್ಚಲೇಬೇಡಿ. ಹಳೆಯ ದಪ್ಪ ಟಿವಿಯಲ್ಲಂತೂ ಪ್ಲಗ್ ಕಿತ್ತ ಮೇಲೂ ಅಪಾಯದ ವಿದ್ಯುತ್ ಉಳಿದಿರುತ್ತದೆ.

ಮುಂದಿನ ಮಳೆಗೆ ನೋಟ್‌ಬುಕ್ ಹಿಡಿದು ಕೂತುಕೊಳ್ಳಿ. ಚಿತ್ರ ಒಡೆದದ್ದು ಎಷ್ಟು ಗಂಟೆಗೆ, ಮೊದಲ ಹನಿ ಬಿದ್ದದ್ದು ಎಷ್ಟಕ್ಕೆ, ಮೋಡ ಬಂದದ್ದು ಯಾವ ಕಡೆಯಿಂದ ಎಂದು ಬರೆದಿಡಿ. ಮೋಡ ವಾಯುವ್ಯದಿಂದ ಬಂದ ದಿನ ಅಂಗಳ ಮೊದಲು ನೆನೆದು, ಟಿವಿ ಆಮೇಲೆ ಕೆಡಬೇಕು. ಹಾಗೇ ಆಗುತ್ತದೆಯೇ ಎಂದು ನೋಡಿ ಅಜ್ಜಿಗೂ ಹೇಳಿ.