ಚಾನೆಲ್ ಸಂಖ್ಯೆಯಿಂದ ಕಂಪನಾಂಕಕ್ಕೆ



ಬೆಂಗಳೂರಿನ ಎಫ್.ಎಂ. ರೇನ್‌ಬೋ ಕೇಳಬೇಕಾದರೆ ನಾವು ರೇಡಿಯೋವನ್ನು 101.3 ಮೆಗಾಹರ್ಟ್ಸ್‌ಗೆ ಹೊಂದಿಸುತ್ತೇವೆ. ಅಲ್ಲಿ ಹೇಳುವ ಸಂಖ್ಯೆಯೇ ಕಂಪನಾಂಕ. ನಿಮ್ಮ ಭೌತವಿಜ್ಞಾನದ ಪುಸ್ತಕ ಇದನ್ನು ಆವೃತ್ತಿ ಎನ್ನುತ್ತದೆ. ಮೊಬೈಲ್ ಜಾಲದ ರೀತಿ ಬೇರೆ. ಗೋಪುರವು ಫೋನಿಗೆ ಮೆಗಾಹರ್ಟ್ಸ್ ಹೇಳುವುದಿಲ್ಲ, ಚಾನೆಲ್ ಸಂಖ್ಯೆಯನ್ನಷ್ಟೇ ಹೇಳುತ್ತದೆ. ಜಿಎಸ್ಎಂ ಪದ್ಧತಿಯಲ್ಲಿ 0ಯಿಂದ 1023ರವರೆಗಿನ ಯಾವ ಸಂಖ್ಯೆಯನ್ನಾದರೂ ಹತ್ತೇ ಬಿಟ್‌ಗಳಲ್ಲಿ ಕಳಿಸಬಹುದು. ಉಳಿದ ಲೆಕ್ಕ ಫೋನಿನದು.

ಆ ಲೆಕ್ಕವನ್ನು ನಾವೂ ಮಾಡಬಹುದು. ಮೂಲ ಜಿಎಸ್ಎಂ 900 ಪಟ್ಟಿಯಲ್ಲಿ 1ರಿಂದ 124ರವರೆಗೆ ಚಾನೆಲ್‌ಗಳಿವೆ. ಒಂದರಿಂದ ಇನ್ನೊಂದಕ್ಕೆ ಅಂತರ 0.2 ಮೆಗಾಹರ್ಟ್ಸ್, ಎಣಿಕೆ ಶುರುವಾಗುವುದು 890ರಿಂದ. 62ನೇ ಚಾನೆಲ್ ತೆಗೆದುಕೊಳ್ಳೋಣ. 62ನ್ನು 0.2ರಿಂದ ಗುಣಿಸಿದರೆ 12.4, ಅದಕ್ಕೆ 890 ಕೂಡಿಸಿದರೆ 902.4 ಮೆಗಾಹರ್ಟ್ಸ್. ಇದು ಫೋನಿನಿಂದ ಗೋಪುರಕ್ಕೆ ಹೋಗುವ ದಾರಿ. ಗೋಪುರದಿಂದ ಫೋನಿಗೆ ಬರುವ ದಾರಿ ಇದಕ್ಕಿಂತ 45 ಮೆಗಾಹರ್ಟ್ಸ್ ಮೇಲೆ, ಅಂದರೆ 947.4ರಲ್ಲಿದೆ. ಒಂದೇ ಸಂಖ್ಯೆ, ಎರಡು ಕಂಪನಾಂಕ!

ಇಷ್ಟೇ ಆಗಿದ್ದರೆ ಇದು ಏಳನೇ ತರಗತಿಯ ಗಣಿತ. ತೊಡಕು ಇರುವುದು ಮುಂದೆ. 600ನೇ ಚಾನೆಲ್ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಥಟ್ಟನೆ ಉತ್ತರಿಸಬೇಡಿ. 1800ರ ಪಟ್ಟಿಯಲ್ಲಿ ಎಣಿಕೆ 512ರಿಂದ ಶುರು. ಆ ಚಾನೆಲ್ಲಿನ ಹೋಗುವ ದಾರಿ 1710.2. 600 ಎಂದರೆ ಅಲ್ಲಿಂದ 88 ಹೆಜ್ಜೆ ಮುಂದೆ, ಅಂದರೆ 1727.8 ಮೆಗಾಹರ್ಟ್ಸ್. ಆದರೆ ಅಮೆರಿಕದಲ್ಲಿ ಬಳಕೆಗೆ ಬಂದ 1900ರ ಪಟ್ಟಿಯಲ್ಲೂ ಎಣಿಕೆ 512ರಿಂದಲೇ! ಅಲ್ಲಿ ಆರಂಭ 1850.2, ಹಾಗಾಗಿ 600 ಎಂದರೆ 1867.8. ಮೈಸೂರಿನ ಬಸ್ಸಿಗೂ ಬೆಂಗಳೂರಿನ ಬಸ್ಸಿಗೂ ಒಂದೇ ನಂಬರು ಇರಬಹುದಲ್ಲ, ಹಾಗೆ. ಊರು ಯಾವುದೆಂದು ತಿಳಿಯದೆ ಹತ್ತಿದರೆ ಕೆಟ್ಟೆವು. ಅದಕ್ಕೇ ಗೋಪುರವು ಪಟ್ಟಿ ಯಾವುದೆಂಬ ಸೂಚನೆಯಾಗಿ ಒಂದು ಬಿಟ್ಟನ್ನು ಬೇರೆಯಾಗಿ ಬಿತ್ತರಿಸಬೇಕಾಯಿತು. ನನಗೇನೋ ಇದು ತೇಪೆ ಹಾಕಿದ ಕೆಲಸದಂತೆ ಕಾಣುತ್ತದೆ.

ನಾಲ್ಕನೇ ತಲೆಮಾರಿನಲ್ಲಿ ಪ್ರತಿ ಪಟ್ಟಿಗೂ ಅದರದೇ ಸಂಖ್ಯೆಗಳನ್ನು ಮೀಸಲಿಟ್ಟರು. 1200ರಿಂದ 1949 ಎಂದರೆ ಮೂರನೇ ಪಟ್ಟಿಯ ಬರುವ ದಾರಿ, ಬೇರೆ ಯಾವುದೂ ಅಲ್ಲ. ಆರಂಭ 1805, ಹೆಜ್ಜೆ 0.1, ಆದ್ದರಿಂದ 1500 ಎಂದರೆ 1835 ಮೆಗಾಹರ್ಟ್ಸ್.

ಐದನೇ ತಲೆಮಾರಿನವರು ಇನ್ನೂ ಜಾಣರು. ಪಟ್ಟಿಗಳ ಗೊಡವೆಯೇ ಬೇಡವೆಂದು ಸೊನ್ನೆಯಿಂದ ಮೇಲಕ್ಕೆ ಒಂದೇ ಉದ್ದನೆಯ ಅಳತೆಪಟ್ಟಿ ಮಾಡಿದರು. 3000 ಮೆಗಾಹರ್ಟ್ಸ್‌ವರೆಗೆ ಹೆಜ್ಜೆ 5 ಕಿಲೋಹರ್ಟ್ಸ್. ಅಲ್ಲಿಗೆ ಸಂಖ್ಯೆ 6,00,000 ಮುಟ್ಟುತ್ತದೆ. ಅಲ್ಲಿಂದ 24,250ರವರೆಗೆ ಹೆಜ್ಜೆ 15 ಕಿಲೋಹರ್ಟ್ಸ್. ಭಾರತದಲ್ಲಿ 2022ರಲ್ಲಿ ಹರಾಜಾದ 3300 ಮೆಗಾಹರ್ಟ್ಸ್ ಪಟ್ಟಿಯ ಬುಡ 6,20,000ಕ್ಕೆ ಬರುತ್ತದೆ. ಹಾಗಾದರೆ 6,40,000 ಎಲ್ಲಿಗೆ ಬರುತ್ತದೆ? ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ನಿಮ್ಮ ಉತ್ತರ 3600 ಬಂದಿರಬೇಕು.